ತೋಟದ ಬಾಗಿಲಿಗೆ ಬಿಟ್ಟ ಚಪ್ಪಲಿ

ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಿದ್ದೇ ತಪ್ಪಾಯಿತು. ಕಾಲಲ್ಲೇ ಹಾಕಿಕೊಂಡು ಹೋಗಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಇದನ್ನು ನೆನೆಸಿಕೊಂಡಾಗಲೆಲ್ಲ ಉಳಿವೆಪ್ಪನಿಗೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ನಗುವೂ ಬರುತ್ತದೆ. ಅವನನ್ನು ಹಿಡಿದುಕೊಟ್ಟದ್ದು ಅವನ ಭಕ್ತಿಯೇ.

ಸವಣೂರಿನಿಂದ ಬಂಕಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಊರು ಮುಗಿಯುವಲ್ಲಿ ಶಿದ್ಲಿಂಗಪ್ಪನ ಎಲೆಬಳ್ಳಿಯ ತೋಟ. ಈ ಸೀಮೆಯ ಎಲೆ ಹಾನಗಲ್ಲಿಗೆ ಹೋಗುತ್ತದೆ, ಹಿರೇಕೆರೂರಿಗೆ ಹೋಗುತ್ತದೆ. ಅದಿಲ್ಲದೆ ಮದುವೆ ಇಲ್ಲ, ಸೀಮಂತ ಇಲ್ಲ, ದೇವರ ಮುಂದೆ ತಾಂಬೂಲ ಇಲ್ಲ. ಅಂಥ ಎಲೆ ಬೆಳೆಯುವ ನೆಲಕ್ಕೆ ಬಹಳ ಮಡಿ. ತೋಟದ ಬಾಗಿಲಲ್ಲಿ, ತಡಿಕೆಯ ಹೊರಗೆ, ಎಲ್ಲರೂ ಚಪ್ಪಲಿ ಬಿಡಬೇಕು. ಮುಟ್ಟಾದ ಹೆಣ್ಣುಮಕ್ಕಳು ಒಳಗೆ ಬರುವಂತಿಲ್ಲ. ಮಾಂಸ ಉಂಡ ದಿನ ಗಂಡಸರೂ ಬರುವಂತಿಲ್ಲ. ಅಮಾವಾಸ್ಯೆಗೆ ಯಾರೂ ಎಲೆ ಮುಟ್ಟುವುದಿಲ್ಲ. ಮೈಲಿಗೆ ತಗುಲಿದರೆ ಬಳ್ಳಿ ಬಾಡುತ್ತದೆ ಎಂದು ಶಿದ್ಲಿಂಗಪ್ಪನ ಅಜ್ಜ ಹೇಳುತ್ತಿದ್ದ, ಅಪ್ಪ ಹೇಳುತ್ತಿದ್ದ, ಈಗ ಶಿದ್ಲಿಂಗಪ್ಪ ಹೇಳುತ್ತಾನೆ. ಅಲ್ಲಿ ದುಡಿಯುವವರೂ ನಂಬುತ್ತಾರೆ. ಉಳಿವೆಪ್ಪನೂ ನಂಬಿದ್ದ.

ನಂಬಿದ್ದಕ್ಕೆ ಅವನ ಕಾಲೇ ಸಾಕ್ಷಿ. ಎಲೆತೋಟದ ನೆಲ ಒಣಗಬಾರದು, ಒಣಗಿದರೆ ಬಳ್ಳಿ ಉಳಿಯುವುದಿಲ್ಲ. ಅಪ್ಪನ ಹಿಂದೆ ಬಂದು ಆ ನೆಲಕ್ಕೆ ಇಳಿದಾಗ ಅವನಿಗೆ ಮೀಸೆ ಮೂಡಿರಲಿಲ್ಲ. ಅಂದಿನಿಂದ ಬೆಳಗಿನಿಂದ ಸಂಜೆಯ ತನಕ ಕೆಸರು ಮತ್ತು ಬರಿಗಾಲು. ಬೆರಳ ಸಂದಿಯಲ್ಲಿ ಹುಣ್ಣು. ಹಿಮ್ಮಡಿ ಒಡೆದು ರಕ್ತ. ಏಣಿ ಹತ್ತಿದರೆ ಅದರ ಮೆಟ್ಟಿಲು ಸರಿಯಾಗಿ ಆ ಒಡಕಿನಲ್ಲೇ ಕೂರುತ್ತದೆ. ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಟ್ಟು ಎಲೆ ಚಿವುಟಬೇಕು. ಸಂಜೆ ಉಗುರು ತೆಗೆದರೆ ಬೆರಳು ಬಿಳಿಚಿಕೊಂಡು ನೆನೆದ ಅವರೆಕಾಳಿನಂತಾಗಿರುತ್ತದೆ. ಇದೆಲ್ಲ ದಿನದ ಮಾತಾಯಿತು. ವರ್ಷಕ್ಕೊಮ್ಮೆ ಬಳ್ಳಿ ಇಳಿಸುವ ಕೆಲಸ ಬೇರೆ. ನುಗ್ಗೆ ಮರಕ್ಕೆ, ಹಾಲಿವಾಣದ ಮರಕ್ಕೆ ಹಬ್ಬಿದ ಬಳ್ಳಿಯ ಕಟ್ಟು ಬಿಚ್ಚಿ, ಮುರಿಯದಂತೆ ಕೆಳಗಿಳಿಸಿ, ಸುರುಳಿ ಸುತ್ತಿ ಬುಡದಲ್ಲಿ ಹೂಳಿ, ತುದಿಯನ್ನಷ್ಟೇ ಮೇಲೆ ಬಿಡಬೇಕು. ಆ ತುದಿ ಮತ್ತೆ ಮರ ಹತ್ತುತ್ತದೆ. ಇಡೀ ದಿನ ಬಗ್ಗಿದವನಿಗೆ ಸಂಜೆ ನೆಟ್ಟಗೆ ನಿಲ್ಲಲು ಗೋಡೆ ಬೇಕಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮಾದೇವಿ ಮತ್ತು ಉಳಿವೆಪ್ಪ ಇಬ್ಬರೇ. ತೋಟದ ಬಾಗಿಲ ಪಕ್ಕದಲ್ಲಿ ಶಿದ್ಲಿಂಗಪ್ಪ ಕೊಟ್ಟ ಜಾಗದಲ್ಲಿ ತಗಡಿನ ಮನೆ. ಮದುವೆ ಯಾಕೆ ಆಗಲಿಲ್ಲ ಎಂದು ಊರು ಕೇಳುತ್ತಿತ್ತು. ಕನ್ಯೆ ಸಿಗಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಈ ಕಡೆ ಕನ್ಯೆ ಸಿಗದ ಗಂಡುಗಳು ಹೊಲಕ್ಕೊಬ್ಬರಿದ್ದಾರೆ, ಹಾಗಾಗಿ ಮಾತು ನಡೆಯಿತು.

ಉಳಿವೆಪ್ಪನ ಮನಸ್ಸು ಕೂತದ್ದು ಎಲ್ಲರೂ ಮೈಲಾರಿ ಎಂದು ಕರೆಯುವ ಮೈಲಾರಲಿಂಗ ಎಂಬ ಗಂಡಸಿನ ಮೇಲೆ. ಮೈಲಾರಿ ಸವಣೂರಿನಲ್ಲಿ ಖಾರ, ಸೇವು ಕರಿಯುವ ಭಟ್ಟಿಯಲ್ಲಿ ದುಡಿಯುವವನು. ಮೊಣಕೈಯಿಂದ ಕೆಳಗೆ ಎರಡೂ ಕೈಗಳ ಮೇಲೆ ಎಣ್ಣೆ ಸಿಡಿದ ಕಲೆ. ಎಲೆಯ ಪೆಂಡಿ ಹೊತ್ತು ಪೇಟೆಗೆ ಹೋದಾಗ ಉಳಿವೆಪ್ಪ ಭಟ್ಟಿಯ ಮುಂದೆ ನಿಂತು ಖಾರ ಕೊಳ್ಳುತ್ತಿದ್ದ. ಹಸಿವಿಲ್ಲದಿದ್ದರೂ ಕೊಳ್ಳುತ್ತಿದ್ದ. ಮೈಲಾರಿಗೆ ಅದು ಮೊದಲು ತಿಳಿಯಿತು, ಉಳಿವೆಪ್ಪನಿಗೆ ಆಮೇಲೆ ತಿಳಿಯಿತು. ಸವಣೂರಿನಲ್ಲಿ ಮೈಲಾರಿಗೆ ಒಂದು ಖೋಲಿ ಇತ್ತು. ಅಲ್ಲಿ ಅವರಿಬ್ಬರೂ ರೊಟ್ಟಿ ತಿಂದಿದ್ದಾರೆ, ಜಗಳ ಮಾಡಿದ್ದಾರೆ, ಒಂದೇ ಚಾದರ ಹೊದ್ದಿದ್ದಾರೆ. ವರ್ಷಗಳೇ ಕಳೆದಿದ್ದವು. ಇದಕ್ಕೆ ಏನು ಹೆಸರು ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಉಳಿವೆಪ್ಪನ ಕಾಲು ನೋಡಲಾರದೆ ಮೈಲಾರಿ ಅವನಿಗೊಂದು ಜೋಡು ಚಪ್ಪಲಿ ಕೊಡಿಸಿದ. ದಪ್ಪ ಅಟ್ಟೆಯದು, ಹಿಮ್ಮಡಿಯ ಹಿಂದೆ ಪಟ್ಟಿ ಇರುವಂಥದು. ಉಳಿವೆಪ್ಪ ಅದನ್ನು ತೋಟದ ಬಾಗಿಲ ತನಕ ಹಾಕಿಕೊಂಡು ಹೋಗಿ ಬಿಚ್ಚಿಡುತ್ತಿದ್ದ. ಸಂಜೆ ಬಂದು ಹಾಕಿಕೊಳ್ಳುತ್ತಿದ್ದ. ಮನೆ ಇರುವುದು ಪಕ್ಕದಲ್ಲೇ. ನಾಲ್ಕು ಹೆಜ್ಜೆಯ ಸುಖಕ್ಕೆ ಚಪ್ಪಲಿಯೇ ಎಂದು ಮೈಲಾರಿ ಬೈಯುತ್ತಿದ್ದ.

ಬೇಸಿಗೆಯ ಒಂದು ಅಮಾವಾಸ್ಯೆ. ಅವ್ವ ತಮ್ಮನ ಮನೆಗೆಂದು ಹಂಸಭಾವಿಗೆ ಹೋಗಿದ್ದಳು. ತೋಟಕ್ಕೆ ಅಂದು ಯಾರೂ ಬರುವುದಿಲ್ಲ. ಮೈಲಾರಿಗೆ ತೋಟ ನೋಡುವ ಆಸೆ ಬಹಳ ದಿನಗಳಿಂದ ಇತ್ತು. ಮಧ್ಯಾಹ್ನ ಬಂದ. ಬಾಗಿಲಲ್ಲಿ ಉಳಿವೆಪ್ಪ ಚಪ್ಪಲಿ ಬಿಟ್ಟ. ಮೈಲಾರಿಗೂ ಬಿಡಲು ಹೇಳಿದ. ಯಾರೂ ಇಲ್ಲವಲ್ಲ ಎಂದು ಮೈಲಾರಿ ನಕ್ಕಾಗ, ಬಳ್ಳಿ ಅದಾವಲ್ಲ ಎಂದು ಇವನು ಹೇಳಿದ. ಎರಡು ಜೋಡು ಚಪ್ಪಲಿ ತಡಿಕೆಯ ಹೊರಗೆ, ಬಿಸಿಲಲ್ಲಿ, ಒಂದರ ಪಕ್ಕ ಒಂದು ಕೂತವು.

ಬೆಳಿಗ್ಗೆ ಒಡೆಯಬೇಕಿದ್ದ ಅಮಾವಾಸ್ಯೆಯ ಕಾಯಿಯನ್ನು ಶಿದ್ಲಿಂಗಪ್ಪ ಅಂದು ತಡವಾಗಿ, ತೋಟದ ಬಾಗಿಲಿಗೆ ಒಡೆಯಲು ಬಂದ. ಚಪ್ಪಲಿ ನೋಡಿದ. ಎಲೆಗಳ್ಳರು ಹೊಕ್ಕಿದ್ದಾರೆ ಅಂದುಕೊಂಡ. ಮಡಿಯಿಂದ ಚಪ್ಪಲಿ ಬಿಟ್ಟು ಕದಿಯುವ ಕಳ್ಳರು ಎಲ್ಲಿರುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ. ಸದ್ದಿಲ್ಲದೆ ಒಳಗೆ ನಡೆದ. ಬಾವಿಯ ಹತ್ತಿರ, ನೆರಳಿನಲ್ಲಿ, ಉಳಿವೆಪ್ಪನ ಕಾಲು ಮೈಲಾರಿಯ ತೊಡೆಯ ಮೇಲಿತ್ತು. ಮೈಲಾರಿ ಹಿಮ್ಮಡಿಯ ಒಡಕಿಗೆ ಮುಲಾಮು ತುಂಬುತ್ತಿದ್ದ. ಆಮೇಲೆ ಅವನು ಮುಂದಕ್ಕೆ ಬಗ್ಗಿ ಉಳಿವೆಪ್ಪನ ತುಟಿಗೆ ತುಟಿ ಇಟ್ಟ. ಶಿದ್ಲಿಂಗಪ್ಪ ನೋಡಿದ್ದು ಅಷ್ಟು. ಊರಿಗೆ ಹೇಳಿದ್ದು ಅದಕ್ಕಿಂತ ಬಹಳ.

ಇಬ್ಬರನ್ನೂ ಕೊರಳಪಟ್ಟಿ ಹಿಡಿದು ಬಾಗಿಲ ತನಕ ಎಳೆದುಕೊಂಡು ಬಂದ. ಅಲ್ಲಿ ಬಿದ್ದಿದ್ದ ಅವರದೇ ಚಪ್ಪಲಿ ತೆಗೆದುಕೊಂಡು ಅವರ ಮುಖಕ್ಕೆ ಹೊಡೆದ. ತೋಟದೊಳಗೆ ಹೊಡೆಯಲಿಲ್ಲ. ಒಳಗೆ ಚಪ್ಪಲಿ ತರುವಂತಿಲ್ಲವಲ್ಲ. ಮೈಲಾರಿಯ ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಉಳಿವೆಪ್ಪ ಕೈ ಎತ್ತಲಿಲ್ಲ. ಬಾಲ್ಯದಿಂದ ಸಾವ್ಕಾರ್ರ ಎಂದು ಕರೆದ ಮನುಷ್ಯನ ಮೇಲೆ ಕೈ ಎತ್ತುವುದು ಅವನಿಗೆ ಗೊತ್ತಿರಲಿಲ್ಲ. ಆ ನಾಚಿಕೆ ಅವನನ್ನು ಮುಂದೆ ಬಹಳ ದಿನ ತಿಂದಿತು.

ಇಷ್ಟಾದ ಮೇಲೆ ಅವನನ್ನು ತೋಟದಿಂದ ಹೊರಗೆ ಹಾಕಬೇಕಿತ್ತು. ಶಿದ್ಲಿಂಗಪ್ಪ ಹಾಕಲಿಲ್ಲ. ಬಳ್ಳಿ ಇಳಿಸುವ ಕೆಲಸ ಬಾಕಿ ಇತ್ತು. ಬಳ್ಳಿ ಮುರಿಯದಂತೆ ಇಳಿಸುವ ಕೈಗಳು ಈಗ ಊರಿನಲ್ಲಿ ಕಡಿಮೆ. ಮುಂದಿನ ಸೋಮವಾರ ಆಳು ಕಳಿಸಿ ಕರೆಸಿಕೊಂಡ. ಮುಖ ನೋಡದೆ, ನೆಲ ನೋಡಿಕೊಂಡು ಕೆಲಸ ಹೇಳಿದ. ಬಳ್ಳಿ ಇಳಿಸಿ ಮುಗಿಯುವ ತನಕ ತೋಟಕ್ಕೆ ಯಾವ ಮೈಲಿಗೆಯೂ ಆಗಲಿಲ್ಲ.

ಊರಿಗೆ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ. ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟ, ಉಳಿವೆಪ್ಪನಿಗೆ ಕಾಗದದ ಕಪ್ಪು. ಸೋಮವಾರದ ಭಜನೆಯಲ್ಲಿ ತಾಳ ಹಾಕುತ್ತಿದ್ದವನಿಗೆ, ತಾಳ ಹಾಕಲು ಬೇರೆಯವರು ಸಿಕ್ಕಿದ್ದಾರೆ ಎಂದು ಹೇಳಿದರು. ಕ್ಷೌರದ ಅಂಗಡಿಯಲ್ಲಿ ಅವನ ಪಾಳಿ ಬಂದಾಗ ಕರೆಂಟು ಹೋಯಿತೆಂದರು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವ್ವ ಹಿಟ್ಟಿನ ಗಿರಣಿಗೆ ಹೋದರೆ ಹೆಂಗಸರು ಅವಳ ಮುಂದೆ ತಮ್ಮ ಗಂಡುಮಕ್ಕಳನ್ನು ಹತ್ತಿರ ಎಳೆದುಕೊಂಡರು. ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ಅಂಟುರೋಗವೋ ಎಂಬಂತೆ.

ಮಳೆ ಹಿಡಿಯಿತು. ಶ್ರಾವಣದ ಹೊತ್ತಿಗೆ ತೋಟದ ಮೂಡಲ ಅಂಚಿನಲ್ಲಿ ಎಲೆಗಳ ಮೇಲೆ ಕಪ್ಪು ಕಲೆ ಬಿತ್ತು. ಆಮೇಲೆ ಬಳ್ಳಿಯ ಬುಡ ಕೊಳೆಯತೊಡಗಿತು. ಶಿದ್ಲಿಂಗಪ್ಪ ತೋಟಗಾರಿಕೆಯ ಸಾಹೇಬರೊಬ್ಬರನ್ನು ಕರೆಸಿದ. ಸಾಹೇಬರು ಜೀಪು ಇಳಿದು ಬೂಟು ಹಾಕಿಕೊಂಡೇ ಒಳಗೆ ನಡೆದರು. ಬಾಗಿಲಲ್ಲಿ ಶಿದ್ಲಿಂಗಪ್ಪ ಒಂದು ಗಳಿಗೆ ಬಾಯಿ ತೆರೆದ. ಆಮೇಲೆ ಮುಚ್ಚಿದ. ಉಳಿವೆಪ್ಪ ಏಣಿಯ ಮೇಲಿಂದ ನೋಡುತ್ತಿದ್ದ. ಬೂಟಿನ ಅಚ್ಚು ಸಾಲಿನುದ್ದಕ್ಕೂ ಬಿತ್ತು. ಸಾಹೇಬರು ಕೊಳೆತ ಬುಡ ನೋಡಿ, ನೀರು ಹೊರಗೆ ಹೋಗಲು ದಾರಿಯೇ ಇಲ್ಲ, ಕಾಲುವೆ ಯಾಕೆ ಮುಚ್ಚಿದಿರಿ ಎಂದು ಕೇಳಿದರು. ಕಾಲುವೆ ಮುಚ್ಚಿದವನು ಶಿದ್ಲಿಂಗಪ್ಪನೇ. ಹೊಸ ಮನೆಗೆ ಕಾರು ಹೋಗಲು ಅದರ ಮೇಲೆ ಮಣ್ಣು ಹಾಕಿ ರಸ್ತೆ ಮಾಡಿದ್ದ. ಸಾಹೇಬರಿಗೆ ಚಹಾ ಕುಡಿಸಿ, ಒಂದು ಪೆಂಡಿ ಎಲೆ ಕೊಟ್ಟು ಕಳಿಸಿದ.

ಅದೇ ಸಂಜೆ ಎಲ್ಲಮ್ಮನ ಗುಡಿಯ ಕಟ್ಟೆಯ ಮೇಲೆ ಕೂತು, ತೋಟಕ್ಕೆ ಮೈಲಿಗೆ ತಗುಲಿದೆ ಎಂದು ಹೇಳಿದ. ಯಾರ ಮೈಲಿಗೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಉಳಿವೆಪ್ಪನಿಗೆ ತೋಟ ಬಂದ್. ಅವನು ಬೇರೆ ತೋಟಗಳನ್ನು ಸುತ್ತಿದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಒಬ್ಬರಂತೂ ತಡಿಕೆಯ ಆಚೆಯಿಂದಲೇ ಕೈ ಬೀಸಿದರು. ಇರುವುದೊಂದೇ ಕಸುಬು, ಅದಕ್ಕೆ ಎಲ್ಲ ಬಾಗಿಲೂ ಮುಚ್ಚಿದವು. ಮೇಲಾಗಿ ತಗಡಿನ ಮನೆ ನಿಂತ ನೆಲವೂ ಶಿದ್ಲಿಂಗಪ್ಪನದೇ.

ಆಗ ಹಿರಿಯರು ಅವನನ್ನು ಕಟ್ಟೆಗೆ ಕರೆಸಿದರು. ಹೊಡೆಯಲು ಅಲ್ಲ. ಅವರು ದಯೆ ತೋರಿಸಲು ನಿರ್ಧರಿಸಿದ್ದರು.

ಈ ಸೀಮೆಯಲ್ಲಿ ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸು ಇರುವವರನ್ನು ಎಲ್ಲಮ್ಮ ಹಿಡಿದಿದ್ದಾಳೆ ಎನ್ನುತ್ತಾರೆ. ಕೊರಳಿಗೆ ದೇವಿಯ ಮುತ್ತು ಕಟ್ಟುತ್ತಾರೆ. ಸೀರೆ ಉಡಿಸುತ್ತಾರೆ. ಆಮೇಲೆ ಅವರು ಜೋಗಪ್ಪ. ಮಂಗಳವಾರ ಶುಕ್ರವಾರ ಮನೆ ಮುಂದೆ ಬಂದರೆ ಊರು ಕಾಲಿಗೆ ಬಿದ್ದು ಅವರು ಹಿಡಿದ ಬುಟ್ಟಿಗೆ ಜೋಳ ಹಾಕುತ್ತದೆ. ಊರಿಗೆ ಗೊತ್ತಿರುವುದು ಇದೊಂದೇ ದಾರಿ. ಗಂಡಸು ಗಂಡಸಾಗಿಯೇ ಇದ್ದು ಇನ್ನೊಬ್ಬ ಗಂಡಸನ್ನು ಹಚ್ಚಿಕೊಳ್ಳಬಹುದು ಎಂಬುದು ಅವರ ತಲೆಗೆ ಹೋಗುವ ಮಾತಲ್ಲ. ದೇವಿ ಹಿಡಿದಿರಬೇಕು, ಇಲ್ಲವಾದರೆ ದೆವ್ವ ಹಿಡಿದಿರಬೇಕು.

ಶಿದ್ಲಿಂಗಪ್ಪನ ದನಿ ಅಂದು ಮೆತ್ತಗಿತ್ತು.

"ನಿನ್ನ ತಪ್ಪಲ್ಲೋ ಉಳಿವೆಪ್ಪ. ಎಲ್ಲಮ್ಮ ಹಿಡದಾಳ ನಿನ್ನ. ಮುತ್ತು ಕಟ್ಟಿಸ್ಕೊ. ಸೀರಿ, ಬಳಿ ಎಲ್ಲಾ ನಾವ ತರ್ತೇವಿ. ಆಮ್ಯಾಲ ತೋಟಕ್ಕ ಬಾ. ನಾನ ನಿನ್ನ ಕಾಲಿಗೆ ನೀರು ಹಾಕಿ ಒಳಗ ಕರಕೋತೇನಿ."

"ಕಟ್ಟಿಸ್ಕೊಳ್ಳಲಿಲ್ಲ ಅಂದ್ರ, ಸಾವ್ಕಾರ್ರ?"

"ಅಂದ್ರ ಮನಿ ಖಾಲಿ ಮಾಡ್ರಿ, ತಾಯಿ ಮಗ."

ಮುತ್ತು ಕಟ್ಟುವುದು ಬರುವ ಶುಕ್ರವಾರ ಎಂದು ನಿಗದಿಯಾಯಿತು. ಉಳಿವೆಪ್ಪ ಪೊಲೀಸರ ಹತ್ತಿರ ಹೋದ. ಮುತ್ತು ಕಟ್ಟುವುದು ಅಪರಾಧವಲ್ಲವೇ ಎಂದು ಕೇಳಿದ. ಮೇಜಿನ ಹಿಂದೆ ಕೂತವನು ಬಹಳ ಹೊತ್ತು ನಕ್ಕ. ಆ ಕಾಯ್ದೆ ಇರುವುದು ಹೆಣ್ಣುಮಕ್ಕಳಿಗೆ, ನೀನೇನು ಹೆಣ್ಣೇ ಎಂದ. ಆಮೇಲೆ ಪಕ್ಕದವನನ್ನೂ ಕರೆದು, ನಿಮ್ಮಿಬ್ಬರಲ್ಲಿ ಗಂಡ ಯಾರು ಹೆಂಡತಿ ಯಾರು ಎಂದು ಕೇಳಿದ. ಕಾಯ್ದೆಗೆ ಅವನು ಗಂಡಸು, ಊರಿಗೆ ಅವನು ಹೆಂಗಸು. ಅವನನ್ನು ಕಾಪಾಡುವ ಹೊತ್ತಿಗೆ ಎರಡೂ ಅಲ್ಲ.

ಸವಣೂರಿನ ಖೋಲಿಗೆ ಹೋಗಿ ಎಲ್ಲ ಹೇಳಿದಾಗ ಮೈಲಾರಿ ಬಾಣಲೆ ತಿಕ್ಕುತ್ತಿದ್ದ. ಹುಬ್ಬಿನ ಗಾಯ ಆರಿ ಗೆರೆಯಾಗಿತ್ತು. ಗಂಡಸರಿಬ್ಬರು ಕೂಡಿರುವುದು ತಪ್ಪಲ್ಲ ಎಂದು ಕೋರ್ಟು ಎಂದೋ ಹೇಳಿದೆಯಲ್ಲ ಎಂದ. ಅದನ್ನೂ ಕಟ್ಟೆಯ ಮೇಲೆ ಹೇಳಿದೆ ಎಂದ ಉಳಿವೆಪ್ಪ. ಕೋರ್ಟು ದಿಲ್ಲಿಯಲ್ಲಿದೆ, ತೋಟ ಇಲ್ಲಿದೆ ಎಂದು ಶಿದ್ಲಿಂಗಪ್ಪ ಉತ್ತರ ಕೊಟ್ಟಿದ್ದ. ಉಳಿವೆಪ್ಪ ಗೋಡೆಗೆ ಒರಗಿ ಕೂತ. ಕಟ್ಟಿಸಿಕೊಂಡು ಬಿಡಲೇ ಎಂದು ಕೇಳಿದ. ಅವ್ವನ ಮನೆ ಉಳಿಯುತ್ತದೆ. ಕೆಲಸ ಉಳಿಯುತ್ತದೆ. ಸೀರೆ ಒಂದು ಬಟ್ಟೆ ತಾನೇ.

ಮೈಲಾರಿ ತಿಕ್ಕುವುದನ್ನು ನಿಲ್ಲಿಸಿದ.

"ಸೀರಿ ಉಟ್ಟು ಹೆಣ್ಣಾಗಿ ಇರಬೇಕು ಅಂತ ಜೀವ ಬಿಡೋರು ಅದಾರ. ಅವರಿಗೆ ಅದು ಖರೇ. ನಿನಗ ಖರೇ ಏನು? ನಾಳೆ ನೀ ದೇವರಾಗ್ತಿ. ನಾ ನಿನ್ನ ಕಾಲು ಮುಟ್ಟಬೇಕು, ನಿನ್ನ ಮುಟ್ಟಂಗಿಲ್ಲ. ನಾ ಹಚ್ಚಿಕೊಂಡಿದ್ದು ಉಳಿವೆಪ್ಪನ್ನ."

ಉಳಿವೆಪ್ಪನಿಗೆ ಇಬ್ಬರೂ ಬೇಕಾಗಿದ್ದರು. ಅವ್ವನೂ ಬೇಕು, ಇವನೂ ಬೇಕು. ತೋಟವೂ ಬೇಕು. ಅಪ್ಪ ನೆಟ್ಟ ಸಾಲಿನಲ್ಲಿ ನಿಂತು ಎಲೆ ಚಿವುಟುವುದಕ್ಕೆ ದೇವರ ಅಪ್ಪಣೆ ಯಾಕೆ ಬೇಕು ಎಂಬುದು ಅವನಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ಒಂದು ಕಡೆ ಕೂರಲು ಆಗಲಿಲ್ಲ. ಸೀಟು ಇದ್ದರೂ ಬಾಗಿಲಲ್ಲಿ ನಿಂತೇ ಬಂದ.

ಮನೆಯಲ್ಲಿ ಅವ್ವ ಹಸಿರು ಸೀರೆಯ ಮಡಿಕೆ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಶಿದ್ಲಿಂಗಪ್ಪನ ಮನೆಯಿಂದ ಬಂದ ಸೀರೆ. ಅವಳು ತನ್ನ ಜನ್ಮದಲ್ಲಿ ಅಂಥ ಸೀರೆ ಉಟ್ಟಿರಲಿಲ್ಲ.

"ದೇವರ ಹೆಸರು ಬಂದ್ರ ಮಂದಿ ಬಾಯಿ ಮುಚ್ಚತಾರಪ್ಪ," ಎಂದಳು. "ನೀ ಏನರ ಆಗು, ನನ್ನ ಕಣ್ಣಮುಂದ ಇರು. ಈ ವಯಸ್ಸಿನ್ಯಾಗ ನಾ ಗಂಟು ಹೊತ್ಕೊಂಡು ಎಲ್ಲಿ ಹೋಗ್ಲಿ?"

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನಿಗೆ ಆಗಲಿಲ್ಲ. ಹೆದರಿಕೆ ಅವಳಿಂದ ಮಾತಾಡಿಸುತ್ತಿತ್ತು. ಆಗಲಿ ಬಿಡವ್ವ ಎಂದುಬಿಟ್ಟ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಗುಡಿಯ ಮುಂದೆ ಊರು ಸೇರಿತು. ಹೊಲದ ಕೆಲಸ ಬಿಟ್ಟು ಬಂದಿದ್ದರು. ಒಬ್ಬ ಗಂಡಸಿಗೆ ಸೀರೆ ಉಡಿಸುವುದನ್ನು ನೋಡುವುದಕ್ಕಿಂತ ದೊಡ್ಡ ಕೆಲಸ ಅಂದು ಯಾರಿಗೂ ಇರಲಿಲ್ಲ. ಮೊಬೈಲುಗಳು ಆಗಲೇ ಮೇಲೆದ್ದಿದ್ದವು. ತಣ್ಣೀರು ಸುರಿದು ಉಳಿವೆಪ್ಪನನ್ನು ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಮೈಯೆಲ್ಲ ಭಂಡಾರದ ಅರಿಶಿನ ಬಳಿದರು. ಒಬ್ಬ ಅವನ ಎದೆಯ ಕೂದಲು ಹಿಡಿದು ಜಗ್ಗಿ, ಇದನ್ನೇನು ಮಾಡೋದು ಎಂದ. ಎಲ್ಲರೂ ನಕ್ಕರು. ಬಳೆ ತೊಡಿಸುವವನು ಅವನ ಕೈ ಹಿಡಿದು ಬೆರಳುಗಳನ್ನು ಒತ್ತಿ ಒತ್ತಿ ಬಳೆ ತೂರಿಸಿದ. ಎಲೆ ಚಿವುಟಿ ದಪ್ಪಗಾದ ಕೈ. ಎರಡು ಬಳೆ ಒಡೆದು ಚರ್ಮಕ್ಕೆ ಹೊಕ್ಕವು. ದೇವಿ ರಕ್ತ ಬೇಡಿದಳು ಎಂದು ಯಾರೋ ಹೇಳಿದರು. ಬೇಡಿದ್ದು ಯಾರು ಎಂದು ಉಳಿವೆಪ್ಪ ಸುತ್ತ ನೋಡಿದ. ಚಹಾದ ಅಂಗಡಿಯ ಹತ್ತಿರ ಮೈಲಾರಿ ನಿಂತಿದ್ದ. ಅವನ ಕೈಯಲ್ಲಿ ಕಾಗದದ ಕಪ್ಪು ಇತ್ತು.

ಮುತ್ತು ಕಟ್ಟಲು ಬಂಕಾಪುರದ ಕಡೆಯಿಂದ ಭರಮವ್ವನನ್ನು ಕರೆಸಿದ್ದರು. ಭರಮವ್ವ ಹಿರಿಯ ಜೋಗಪ್ಪ. ತಲೆ ಬೆಳ್ಳಗಾಗಿತ್ತು, ಹಣೆಯ ಮೇಲೆ ಅಂಗೈಯಷ್ಟು ಭಂಡಾರ. ಅವಳು ಬಂದಾಗ ನಗು ನಿಂತಿತು. ಶಿದ್ಲಿಂಗಪ್ಪನೂ ಬಗ್ಗಿ ಕಾಲು ಮುಟ್ಟಿದ. ಅವಳು ಉಳಿವೆಪ್ಪನ ಎದುರು ಕಷ್ಟಪಟ್ಟು ಕೂತಳು. ಮೊದಲು ಅವನ ಕೈ ತೆಗೆದುಕೊಂಡು ಚರ್ಮದೊಳಗಿದ್ದ ಬಳೆಚೂರನ್ನು ಉಗುರಿನಿಂದ ಕಿತ್ತಳು. ಆಮೇಲೆ ಕೇಳಿದಳು.

"ಎಲ್ಲಮ್ಮ ನಿನ್ನ ಕನಸಿನ್ಯಾಗ ಬಂದಾಳೇನು?"

ಹೌದು ಎನ್ನಬೇಕಿತ್ತು. ಒಂದೇ ಮಾತು. ಅವ್ವ ಕಂಬದ ಹತ್ತಿರ ಸೀರೆ ಎದೆಗೆ ಒತ್ತಿಕೊಂಡು ನಿಂತಿದ್ದಳು. ಆದರೆ ಇಷ್ಟು ದಿನದಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದು ಇವಳೊಬ್ಬಳೇ.

"ಇಲ್ಲ," ಎಂದ.

"ಸೀರಿ ಉಡಬೇಕು ಅಂತ ಜೀವ ಎಳದೈತೇನು? ಹೆಣ್ಣಾಗಿ ಹುಟ್ಟಬೇಕಿತ್ತು ಅಂತ ಅತ್ತಿಯೇನು?"

"ಇಲ್ಲ."

"ಮತ್ತೇನೈತಿ ನಿನಗ?"

ಉಳಿವೆಪ್ಪ ಮಣೆಯ ಮೇಲಿಂದ ಎದ್ದ. ಮೈಯಿಂದ ಅರಿಶಿನದ ನೀರು ಇಳಿಯುತ್ತಿತ್ತು.

"ನನಗೇನೂ ಆಗಿಲ್ರಿ. ಮೈಲಾರಿ ಮ್ಯಾಲ ಮನಸೈತಿ. ಅಷ್ಟ."

ಊರು ತಿರುಗಿ ಚಹಾದ ಅಂಗಡಿಯ ಕಡೆ ನೋಡಿತು. ಮೈಲಾರಿ ಓಡುತ್ತಾನೆ ಎಂದು ಉಳಿವೆಪ್ಪ ಅಂದುಕೊಂಡ. ಓಡಿದರೂ ತಪ್ಪು ತಿಳಿಯುತ್ತಿರಲಿಲ್ಲ. ಮೈಲಾರಿ ಕಪ್ಪನ್ನು ಕೆಳಗೆ ಹಾಕಿ, ಜನರ ನಡುವೆ ನಡೆದು ಬಂದು ಅವನ ಪಕ್ಕ ನಿಂತ.

ಭರಮವ್ವ ಮುತ್ತಿನ ದಾರವನ್ನು ಮತ್ತೆ ಚೀಲಕ್ಕೆ ಹಾಕಿದಳು. ಏನಾಯಿತು ಎಂದು ಶಿದ್ಲಿಂಗಪ್ಪ ಕೇಳಿದ.

"ಇವಗ ಕಟ್ಟಾಕ ಬರಂಗಿಲ್ಲ," ಎಂದಳು. "ನನ್ನ ಎಲ್ಲಮ್ಮ ಕರದ್ಲು, ನಾ ಬಂದೆ. ಇವನ್ನ ಕರಿಯಾಕತ್ತಿದ್ದು ಆಕಿ ಅಲ್ಲ, ನೀವು. ನಾ ಸುಳ್ಳು ಮುತ್ತು ಕಟ್ಟಂಗಿಲ್ಲ."

"ಅವ್ವಾರ, ತೋಟ ಹಾಳಾಗಾಕತ್ತೈತಿ."

"ಆಗ್ಲಿ. ಶುಕ್ರವಾರ ನನ್ನ ಕಾಲು ಬೀಳತೀರಿ. ಶನಿವಾರ ನಾ ಬಾಡಿಗಿ ಮನಿ ಕೇಳಿದ್ರ ಬಾಗಲಾ ಹಾಕ್ಕೋತೀರಿ. ನಿಮ್ಮ ಭಕ್ತಿ ನನಗ ಗೊತ್ತೈತಿ. ಅದರಾಗ ಇವನ್ನ್ಯಾಕ ಕೆಡವಲಿ?"

ಅವಳು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ತನಗಾಗಿ ತಂದಿಟ್ಟಿದ್ದ ಉಡಿ ತುಂಬುವ ಸಾಮಾನನ್ನು ಮುಟ್ಟದೆ ಬಸ್ಸಿನ ದಾರಿ ಹಿಡಿದಳು. ಅವಳನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಉಳಿದವರ ಮೇಲೆ ಎಲ್ಲರಿಗೂ ಧೈರ್ಯ ಇತ್ತು. ಶಿದ್ಲಿಂಗಪ್ಪನ ಮೆತ್ತನೆಯ ದನಿ ಹೋಯಿತು. ಸಂಜೆಯೊಳಗೆ ಮನೆ ಖಾಲಿ ಆಗಬೇಕು, ಇನ್ನು ಮುಂದೆ ನನ್ನ ತೋಟದಲ್ಲಿ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದ. ಉಳಿವೆಪ್ಪ ಅವನ ಮುಖವನ್ನೇ ನೋಡಿದ. ಬಾಲ್ಯದಿಂದ ಆ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಸಾಮಾನ್ಯ ಮುಖ. ಬೆವರಿತ್ತು.

"ಬಳ್ಳಿ ಇಳಸೂ ತನಾ ನನ್ನ ಕಾಲು ಬೇಕಾಗಿತ್ತು ನಿಮಗ," ಎಂದ. "ಅವಾಗ ಮೈಲಿಗಿ ಎಲ್ಲಿ ಹೋಗಿತ್ರಿ? ಬೂಟಿನ ಸಾಹೇಬ ಬಂದಾಗ ಎಲ್ಲಿ ಹೋಗಿತ್ತು? ಕಾಲವಿ ಮುಚ್ಚಿದಾವ ನೀ. ಬಳ್ಳಿ ಕೊಳತದ್ದು ನಿನ್ನ ರಸ್ತೆ ಸಲವಾಗಿ. ನನ್ನ ಸಲವಾಗಿ ಅಲ್ಲ."

ಸಾವ್ಕಾರ್ರ ಎಂಬ ಮಾತು ಬಂದಿರಲಿಲ್ಲ. ನೀ ಎಂದಿದ್ದ. ಅದು ಎಲ್ಲರಿಗೂ ಕೇಳಿಸಿತು.

ಕೈಯಲ್ಲಿ ಉಳಿದಿದ್ದ ಬಳೆಗಳನ್ನು ಅವನು ಮಣೆಗೆ ಬಡಿದು ಒಡೆದ. ಗುಡಿಯ ಮೆಟ್ಟಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಂಡ. ತೋಟದ ದಾರಿ ಹಿಡಿದು ನಡೆದ. ಎಲ್ಲಿಗೆ ಎಂದು ಮೈಲಾರಿ ಕೇಳಲಿಲ್ಲ, ಜೊತೆಗೆ ನಡೆದ. ಹಿಂದೆ ಊರು ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಒಬ್ಬಿಬ್ಬರು ಬೇಲಿಯಿಂದ ಗೂಟ ಕಿತ್ತುಕೊಂಡಿದ್ದರು.

ತೋಟದ ಬಾಗಿಲು ಬಂತು. ಎಷ್ಟೋ ವರ್ಷಗಳ ಅಭ್ಯಾಸ ಅವನ ಬೆನ್ನನ್ನು ಒಂದು ಗಳಿಗೆ ಬಗ್ಗಿಸಲು ನೋಡಿತು. ಬಗ್ಗಲಿಲ್ಲ. ತಡಿಕೆ ಸರಿಸಿ, ಚಪ್ಪಲಿ ಕಾಲಲ್ಲೇ ಇರುವಂತೆ ಒಳಗೆ ನಡೆದ. ಮೈಲಾರಿಯೂ ಹಾಗೇ ನಡೆದ. ಅಪ್ಪ ನೆಟ್ಟ ಸಾಲಿನ ನಡುವೆ ಹೋಗುವಾಗ ಉಳಿವೆಪ್ಪನಿಗೆ ಮೊದಲ ಸಲ ಆ ನೆಲದ ತಂಪು ತಿಳಿಯಲಿಲ್ಲ. ನೋವೂ ತಿಳಿಯಲಿಲ್ಲ. ಎಲೆಗಳು ಇದ್ದ ಹಾಗೇ ಇದ್ದವು. ಒಂದೂ ಬಾಡಲಿಲ್ಲ.

ಸಾಲಿನ ನಡುವೆ ನಿಂತು ತಿರುಗಿ ನೋಡಿದ. ಅಟ್ಟಿಸಿಕೊಂಡು ಬಂದ ಊರು ಬಾಗಿಲಲ್ಲಿ ನಿಂತುಬಿಟ್ಟಿತ್ತು. ಎಲ್ಲರೂ ಬಗ್ಗಿ ತಮ್ಮ ತಮ್ಮ ಚಪ್ಪಲಿ ಬಿಚ್ಚುತ್ತಿದ್ದರು. ಗೂಟ ಹಿಡಿದವನು ಗೂಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೂಟಿನ ದಾರ ಬಿಚ್ಚುತ್ತಿದ್ದ, ಅದು ಗಂಟು ಬಿದ್ದಿತ್ತು. ಶಿದ್ಲಿಂಗಪ್ಪ ಒಂದು ಕಾಲೆತ್ತಿ ತಡಿಕೆ ಹಿಡಿದುಕೊಂಡಿದ್ದ. ಹೊಡೆಯಲು ಬಂದವರೆಲ್ಲ ಅವನ ಎದುರಿಗೆ ತಲೆ ಬಗ್ಗಿಸಿ ನಿಂತಿದ್ದರು. ಉಳಿವೆಪ್ಪನಿಗೆ ನಗು ಬಂತು. ಮೈಲಾರಿಗೂ ಬಂತು. ಇಬ್ಬರೂ ನಗುವುದನ್ನು ಊರು ಕೇಳಿತು.

ಅವ್ವನ ಕಾಲಲ್ಲಿ ಬಿಚ್ಚಲು ಏನೂ ಇರಲಿಲ್ಲ. ಅವಳು ಎಂದೂ ಚಪ್ಪಲಿ ಮೆಟ್ಟಿದವಳಲ್ಲ. ಬಗ್ಗಿದವರ ನಡುವೆ ದಾರಿ ಮಾಡಿಕೊಂಡು ಅವಳೊಬ್ಬಳೇ ಎಲ್ಲರಿಗಿಂತ ಮೊದಲು ಒಳಗೆ ಬಂದಳು. ಹಸಿರು ಸೀರೆ ಕೈಯಲ್ಲಿರಲಿಲ್ಲ. ಅದು ಬಾಗಿಲಲ್ಲಿ, ಚಪ್ಪಲಿಗಳ ಮೇಲೆ ಬಿದ್ದಿತ್ತು. ಏದುಸಿರು ಬಿಡುತ್ತ ಮಗನ ಮುಂದೆ ಬಂದು ನಿಂತಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಮೈಲಾರಿಯನ್ನು ನೋಡಿದಳು. ಮಗನ ಕಾಲು ನೋಡಿದಳು. ಅವಸರದಲ್ಲಿ ಹಿಮ್ಮಡಿಯ ಪಟ್ಟಿ ಹಾಕಿಕೊಂಡಿರಲಿಲ್ಲ, ಅದು ಕೆಸರಿನಲ್ಲಿ ಎಳೆಯುತ್ತಿತ್ತು.

"ಪಟ್ಟಿ ಹಾಕ್ಕೊ," ಎಂದಳು. "ಒಡದ ಕಾಲು. ಕಡ್ಡಿ ಚುಚ್ಚತೈತಿ."

ಹೇಳಿ ಅವಳು ಅವನಿಗೆ ಬೆನ್ನು ಮಾಡಿ, ಬಾಗಿಲ ಕಡೆಗೆ ಮುಖ ಮಾಡಿ ನಿಂತಳು. ಉಳಿವೆಪ್ಪ ಬಗ್ಗಿ ಪಟ್ಟಿ ಹಾಕಿಕೊಂಡ.